ಕೂಡಿ ನುಡಿಯುವ ಅಕ್ಷರಗಳು

ಹಾವೇರಿಯಿಂದ ರಾಣೆಬೆನ್ನೂರಿಗೋ ಬ್ಯಾಡಗಿಗೋ ಹೊರಟ ಬಸ್ಸಿನ ಬೋರ್ಡನ್ನು ವಿದ್ಯಾರ್ಥಿಗಳು ಒಮ್ಮೆ ನಿಧಾನವಾಗಿ ಓದಬೇಕು. ‘ಹಾವೇರಿ’ಯಲ್ಲಿ ಮೂರು ಅಕ್ಷರಗಳೂ ಬಿಡಿ ಬಿಡಿ. ಒಂದು ಮುಗಿದ ಮೇಲೆ ಇನ್ನೊಂದು. ‘ಬ್ಯಾಡಗಿ’ಯಲ್ಲಿ ಹಾಗಲ್ಲ, ಬಕಾರಕ್ಕೆ ಯಕಾರ ಜೋತುಬಿದ್ದಿದೆ. ‘ರಾಣೆಬೆನ್ನೂರಿ’ನಲ್ಲಿ ನಕಾರಕ್ಕೆ ನಕಾರವೇ ಒತ್ತು. ಇದನ್ನು ಕಂಪ್ಯೂಟರಿಗೆ ತಿಳಿಸುವುದು ಹೇಗೆ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅಕ್ಷರಗಳನ್ನು ಕೂಡಿಸಲೆಂದೇ ಒಂದು ಕೀಲಿ ಉಂಟು. ಅದನ್ನು ಮರೆತರೆ ಬ್ಯಾಡಗಿ ‘ಬಯಾಡಗಿ’ ಆಗುತ್ತದೆ!

ಸಂಗೀತದಲ್ಲೂ ಇದೇ ಪ್ರಶ್ನೆ. ಹಾರ್ಮೋನಿಯಂ ಮೇಲೆ ಸ, ಗ, ಪ ಎಂದು ಒಂದರ ನಂತರ ಒಂದು ನುಡಿಸಿದರೆ ಅದು ರಾಗದ ನಡೆ. ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಪಾಶ್ಚಾತ್ಯರು ‘ಕಾರ್ಡ್’ ಎನ್ನುವ ಸ್ವರಗುಚ್ಛ. ಷಡ್ಜವು ಸೆಕೆಂಡಿಗೆ 240 ಸಲ ಕಂಪಿಸಿದರೆ ಶುದ್ಧ ಶ್ರುತಿಯ ಗಾಂಧಾರ 300, ಪಂಚಮ 360. ಅಂದರೆ 4:5:6. ಈ ಸರಳ ಅನುಪಾತವೇ ಕಿವಿಗೆ ಹಿತ.

ಆದರೆ ಸಾಲಾಗಿ ಬರೆದ ಮೂರು ಅಕ್ಷರಗಳು ಬಿಡಿಯೋ, ಇಡಿಯೋ? ಇಬ್ಬರು ಡಚ್ಚರು ಆರಂಭಿಸಿ, 1996ರಿಂದ ಬಳಕೆಗೆ ಬಂದ ‘ಲಿಲಿಪಾಂಡ್’ ಎಂಬ ತಂತ್ರಾಂಶ ಇಂಥ ಅಕ್ಷರಗಳನ್ನೇ ಓದಿ ಸಂಗೀತದ ಹಾಳೆ ಮುದ್ರಿಸುತ್ತದೆ. ಒಟ್ಟಿಗೆ ನುಡಿಯಬೇಕಾದ ಸ್ವರಗಳನ್ನು ಅದರಲ್ಲಿ ಮೊನಚು ಆವರಣದೊಳಗೆ ಇಡಬೇಕು. ‘ಎಬಿಸಿ’ ಎಂಬ ಇನ್ನೊಂದು ಪದ್ಧತಿಯಲ್ಲಿ ಚೌಕ ಆವರಣ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ [ಸ ಗ ಪ]. ಸಂಗೀತ ಕಲಿಯದವರಿಗೂ ಇದು ಅರ್ಥವಾಗುತ್ತದೆ.

ಲಿಲಿಪಾಂಡಿನಲ್ಲಿ ಅಡ್ಡದಾರಿಯೂ ಇದೆ. ಮೂಲಸ್ವರವೊಂದನ್ನೇ ಬರೆದು, ಮುಂದೆ ಗುಚ್ಛದ ಜಾತಿ ಸೂಚಿಸುವ ಒಂದು ಅಕ್ಷರ ಇಟ್ಟರೆ ಸಾಕು. ಬರೆಯುವ ಕೈಗೆ ಸುಖ. ಆದರೆ ಆ ಅಕ್ಷರ ಬಂದರೆ ಗಾಂಧಾರ ಕೋಮಲವಾಗುತ್ತದೆ ಎಂಬುದನ್ನು ಓದುವವನು ಮೊದಲೇ ಬಲ್ಲವನಾಗಿರಬೇಕು. ರಸಾಯನಶಾಸ್ತ್ರದಲ್ಲೂ ಹಾಗೆಯೇ. ‘ಸಿ’ಯ ಮುಂದಿನ ‘ಓ’ ದೊಡ್ಡದಾದರೆ ವಿಷಾನಿಲ, ಚಿಕ್ಕದಾದರೆ ಕೋಬಾಲ್ಟ್ ಲೋಹ. ಸಂಕ್ಷಿಪ್ತವಾದುದೆಲ್ಲ ಸುಲಭವಲ್ಲ.

ಬರಹ ಓದಬಲ್ಲಂತಿರಬೇಕು ಎಂಬುದು ಬರೀ ಅಂದದ ಮಾತೇ? ಹಾವೇರಿ ಜಿಲ್ಲೆಯವರು ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು ಇಬ್ಬರೂ ಈ ಮಣ್ಣಿನವರು. ಇಬ್ಬರಿಗೂ ದೃಷ್ಟಿ ಇರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಗೆರೆ ಎಳೆದು ಚುಕ್ಕಿ ಬಿಡಿಸಿದ ಹಾಳೆಯ ಚಿತ್ರ ಅಂಥ ಮಗುವಿಗೆ ಬರೀ ಕಾಗದ. ಆದರೆ ಅಕ್ಷರಗಳಲ್ಲಿ ಬರೆದ ಸಾಲನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳಬಲ್ಲದು. ಬ್ರೈಲ್ ಚುಕ್ಕಿಗಳಾಗಿ ಬೆರಳಿಗೂ ಮುಟ್ಟಿಸಬಲ್ಲದು. ಸ್ವತಃ ಆರ್ಗನ್ ವಾದಕನಾಗಿದ್ದ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಸಂಗೀತಕ್ಕೂ ಚುಕ್ಕಿಗಳಿದ್ದವು. ಇಂದಿನ ಬ್ರೈಲ್ ಸಂಗೀತದಲ್ಲಿ ಗುಚ್ಛದ ಒಂದು ಸ್ವರವನ್ನು ಬರೆದು, ಉಳಿದವು ಅದರಿಂದ ಎಷ್ಟನೆಯವು ಎಂದು ಸೂಚಿಸುತ್ತಾರೆ. ಷಡ್ಜದಿಂದ ಮೂರನೆಯದು, ಐದನೆಯದು. ಬೆರಳು ಸಾಗಿದಂತೆ ಅರ್ಥ ತೆರೆಯುತ್ತದೆ.

ಇದರಲ್ಲಿ ಮಕ್ಕಳಿಗೂ ಪಾಲಕರಿಗೂ ಒಂದು ಪಾಠವಿದೆ. ಮನೆಯಲ್ಲಿ ಮಗು ಹೊಸ ಸಂಕೇತವೊಂದನ್ನು ಕಟ್ಟಿದರೆ, ಅದು ಹಾಡಿನದಾಗಲಿ, ಕಂಪ್ಯೂಟರಿನದಾಗಲಿ, ಹೀಗೆ ಪರೀಕ್ಷಿಸಿ: ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಿ ಅದನ್ನೇ ಬರೆಯಲಿ. ಎರಡೂ ಒಂದೇ ಆದರೆ ಸಂಕೇತ ಗೆದ್ದಿತು. ಯಂತ್ರ ತಿಳಿಯಿತೆಂದರೆ ಅರ್ಧ ಕೆಲಸ. ಪಕ್ಕದಲ್ಲಿ ಕುಳಿತವನಿಗೂ ತಿಳಿದರೆ ಪೂರ್ತಿ.