ಅಪ್ಪನ ಬೆರಳ ಗೆರೆ

ಗುಬ್ಬಿಯ ನಮ್ಮ ತೋಟದ ಮನೆಯಲ್ಲಿ ಹಳೆಯ ಪೆಟ್ರೋಲ್ ಜೀಪೊಂದಿದೆ. ಹಿಂಭಾಗ ಕತ್ತರಿಸಿ ಪಿಕಪ್ ಮಾಡಿಸಿದ್ದು. ಅಪ್ಪ ಅದರಲ್ಲಿ ತೆಂಗಿನಕಾಯಿ ತುಂಬಿಕೊಂಡು ತುಮಕೂರಿಗೆ, ಕೆಲವೊಮ್ಮೆ ಕುಣಿಗಲ್‌ಗೆ ಹೋಗುತ್ತಿದ್ದ. ಧನುರ್ಮಾಸದ ಚಳಿಯಲ್ಲಿ ಚೋಕ್ ಎಳೆಯದಿದ್ದರೆ ಅದು ಕೆಮ್ಮುವುದೂ ಇಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಮಾತು ಎರಡೂ ಹೋದವು. ಗಾಡಿ ನನ್ನ ಕೈಗೆ ಬಂತು. ಮೊದಲ ದಿನವೇ ಚೋಕ್ ಒಳಗೆ ತಳ್ಳುವುದನ್ನು ಮರೆತು ತುಮಕೂರಿನವರೆಗೂ ಓಡಿಸಿದೆ. ಹಿಂದೆಲ್ಲ ಕಪ್ಪು ಹೊಗೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿದರೆ ಮಸಿ, ಡಿಪ್‌ಸ್ಟಿಕ್ ಮೂಸಿದರೆ ಆಯಿಲಿನಲ್ಲಿ ಪೆಟ್ರೋಲ್ ವಾಸನೆ. ಚೋಕ್ ಎಂದರೆ ಕಾರ್ಬುರೇಟರಿನ ಬಾಯಿಗೆ ಅಡ್ಡ ಬರುವ ತಟ್ಟೆ. ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಎಂಜಿನ್ ಬಿಸಿಯಾದ ಮೇಲೂ ಮುಚ್ಚಿಯೇ ಇದ್ದರೆ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಪಿಸ್ಟನ್ ರಿಂಗು ಸವೆಯುತ್ತವೆ.

ಕೇಬಲ್ಲೂ ಸಿಕ್ಕಿಕೊಳ್ಳುತ್ತಿತ್ತು. "ಎಲೆಕ್ಟ್ರಿಕ್ ಚೋಕ್ ಹಾಕ್ಸಿಬಿಡಿ ಅಣ್ಣ, ಮರೆಯೋ ಮಾತೇ ಇರಲ್ಲ" ಅಂದರು ಮೆಕ್ಯಾನಿಕ್. ಕೀ ತಿರುಗಿಸಿದರೆ 12 ವೋಲ್ಟ್ ಕರೆಂಟಿಗೆ ಒಳಗಿನ ಹೀಟರ್ ಕಾಯುತ್ತದೆ. ಎರಡು ಲೋಹ ಬೆಸೆದ ಸುರುಳಿ ಆ ಬಿಸಿಗೆ ಹಿಗ್ಗಿ ತಟ್ಟೆಯನ್ನು ತಾನಾಗಿ ತೆರೆಯುತ್ತದೆ. ಒಪ್ಪಿಬಿಡುವವನಿದ್ದೆ. "ದಾರೀಲಿ ಎಷ್ಟು ಕಡೆ ನಿಲ್ಲಿಸ್ತೀರ?" ಎಂದು ಅವರೇ ಕೇಳಿದರು. ಐದಾರು ಅಂಗಡಿ. ಆಫ್ ಮಾಡಿ ಕಾಯಿ ಇಳಿಸುವಷ್ಟರಲ್ಲಿ ಆ ಪುಟ್ಟ ಸುರುಳಿ ಎಂಜಿನ್ನಿಗಿಂತ ಮೊದಲೇ ತಣ್ಣಗಾಗಬಹುದು. ಎಂಜಿನ್ ಬಿಸಿಯಿದ್ದರೂ ಚೋಕ್ ಮತ್ತೆ ಮುಚ್ಚಿಕೊಳ್ಳಬಹುದು. ಅದಕ್ಕೆ ಗೊತ್ತಾಗುವುದು ತನ್ನ ಬಿಸಿ ಮಾತ್ರ.

ರಾತ್ರಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬೆಳಿಗ್ಗೆ ನಾನು ಗಾಡಿ ಹತ್ತಿದಾಗ ಅಪ್ಪ ಜಗುಲಿಯಿಂದಲೇ ಎಡಗೈಯ ತೋರುಬೆರಳು ಚಾಚಿದ. ಪೂರ್ತಿ ಎಳೆದೆ. ಎಂಜಿನ್ ಹತ್ತಿಕೊಂಡಿತು. ಅಪ್ಪ ಹೆಬ್ಬೆರಳನ್ನು ಅದೇ ಬೆರಳಿನ ನಡುಗೆರೆಗೆ ತಂದ. ಅರ್ಧ ತಳ್ಳಿದೆ. ಸದ್ದಿಗೆ ಕಿವಿಗೊಟ್ಟು ಕೂತಿದ್ದವನು ಸ್ವಲ್ಪ ಹೊತ್ತಿಗೆ ತುದಿಗೆರೆ ತೋರಿಸಿದ. ಕೊನೆಗೆ ಮುಷ್ಟಿ ಮುಚ್ಚಿದ. ಮೂವತ್ತು ವರ್ಷ ಅಪ್ಪ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೈಚೋಕನ್ನೇ ಉಳಿಸಿಕೊಂಡೆ. ಹೊಸ ಕೇಬಲ್ ಹಾಕಿಸಿದೆ. ನನ್ನ ಮರೆವಿಗೆಂದು, ಚೋಕ್ ಎಳೆದಿರುವಷ್ಟು ಹೊತ್ತು ಉರಿಯುವ ಒಂದು ಕೆಂಪು ದೀಪವನ್ನೂ ಇಡಿಸಿದೆ. ಆದರೆ ಮನೆಯಿಂದ ಹೊರಡುವಾಗ ನಾನು ದೀಪ ನೋಡುವುದಿಲ್ಲ. ಜಗುಲಿಯ ಕಡೆ ನೋಡುತ್ತೇನೆ.