ನಾಲ್ಕು ಕದದ ಕಿಟಕಿ

ಶ್ರೀನಿವಾಸಪುರದ ನಮ್ಮ ಮನೆಯ ಹಳೆಯ ಕಿಟಕಿಗಳನ್ನು ತೆಗೆಸಬೇಕೆಂಬ ಮಾತು ಎದ್ದಾಗಿನಿಂದ ನನಗೆ ಯಾವ ಬೀದಿಗೆ ಹೋದರೂ ಕಿಟಕಿಗಳೇ ಕಣ್ಣಿಗೆ ಬೀಳುತ್ತಿವೆ. ಕೋಲಾರದ ಹಳೇ ಪೇಟೆಯಲ್ಲಿ, ಮುಳಬಾಗಿಲಿನ ಆಂಜನೇಯನ ಗುಡಿಯ ಸುತ್ತಲಿನ ಬೀದಿಗಳಲ್ಲಿ, ಮಾಲೂರಿನ ಹೆಂಚಿನ ಮನೆಗಳ ಸಾಲಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಮರದ ಚೌಕಟ್ಟು, ಉದ್ದಕ್ಕೆ ನಿಂತ ಕಬ್ಬಿಣದ ಸರಳು, ಮೇಲೆ ಬಿಸಿಲು ಮಳೆ ತಡೆಯಲು ಒಂದು ಕಲ್ಲು ಚಪ್ಪಡಿ, ಒಳಕ್ಕೆ ತೆರೆದುಕೊಳ್ಳುವ ನಾಲ್ಕು ಕದ. ಮೇಲೆರಡು, ಕೆಳಗೆರಡು. ಪಕ್ಕದಲ್ಲೇ ಎದ್ದ ಹೊಸ ಮನೆಗೆ ಬಿಳಿ ಯುಪಿವಿಸಿ ಪ್ಲಾಸ್ಟಿಕ್ ಚೌಕಟ್ಟು, ಕಪ್ಪು ಗಾಜು. ಹೋದ ಹಬ್ಬಕ್ಕೆ ನೋಡಿದ ಕಿಟಕಿ ಈ ಹಬ್ಬಕ್ಕೆ ಇರುವುದಿಲ್ಲ. ಯಾರೂ ಅದನ್ನು ಕೇಳುವುದೂ ಇಲ್ಲ.

ನಮ್ಮ ಸೀಮೆಯ ಮನೆಗಳ ಕಿಟಕಿಯಲ್ಲಿ ಕೆತ್ತನೆ ಹುಡುಕಿದರೆ ಸಿಗುವುದು ಅಪರೂಪ. ಇದು ಕಲ್ಲಿನ ನಾಡು, ಮಳೆ ಕಡಿಮೆ ಇರುವ ನಾಡು. ಮಲೆನಾಡಿನ ಹಾಗೆ ಮರ ಇಲ್ಲಿ ಧಾರಾಳವಾಗಿ ಬೆಳೆದದ್ದಲ್ಲ. ಕಿಟಕಿಯಲ್ಲಿ ಕಲೆ ನೋಡಬೇಕೆಂದರೆ ನಂದಿಯ ಭೋಗನಂದೀಶ್ವರನ ಗುಡಿಗೆ ಹೋಗಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಅದೂ ನಮ್ಮ ಕೋಲಾರ ಜಿಲ್ಲೆಯದೇ. ಅಲ್ಲಿ ಕಲ್ಲನ್ನೇ ಕೊರೆದು, ಮೂರ್ತಿಗಳ ನಡುವಿನಿಂದ ಬೆಳಕು ಒಳಗೆ ಬರುವಂತೆ ಜಾಲಂಧ್ರ ಮಾಡಿದ್ದಾರೆ. ಕುಸುರಿಯೆಲ್ಲ ದೇವರ ಪಾಲಿಗೆ ಹೋಯಿತು, ಮನುಷ್ಯರ ಮನೆಗೆ ನೇರ ಹಲಗೆ ಬಂತು. ಆದರೆ ಆ ನೇರ ಹಲಗೆಯ ಹಿಂದೆ ಇದ್ದ ಬುದ್ಧಿ ಸಾಮಾನ್ಯದ್ದಲ್ಲ.

ನಾಲ್ಕು ಕದ ಯಾಕೆ ಅಂದರೆ, ಗಾಳಿಯೂ ಬೇಕು, ಮರೆಯೂ ಬೇಕು. ಕೆಳಗಿನ ಎರಡನ್ನು ಮುಚ್ಚಿ ಮೇಲಿನ ಎರಡನ್ನು ತೆರೆದರೆ ನಡುಮನೆಯಲ್ಲಿ ಮಲಗಿದ ಬಾಣಂತಿ ಬೀದಿಯವರ ಕಣ್ಣಿಗೆ ಬೀಳುತ್ತಿರಲಿಲ್ಲ; ಮೇಲಕ್ಕೆ ಏರಿದ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನಾಲ್ಕನ್ನೂ ಮುಚ್ಚಿ, ಹೊತ್ತಿಳಿದ ಮೇಲೆ ನಾಲ್ಕನ್ನೂ ತೆರೆಯುತ್ತಿದ್ದರು. ಕಿಟಕಿಯ ಅಡಿಗಲ್ಲು ನೆಲದಿಂದ ಹೆಚ್ಚೆಂದರೆ ಒಂದೂವರೆ ಅಡಿ ಎತ್ತರ. ಯಾಕೆಂದರೆ ಆಗ ಮನೆಯವರೆಲ್ಲ ನೆಲದ ಮೇಲೆ ಕೂರುತ್ತಿದ್ದರು. ರಾಗಿ ಕೇರುವುದು, ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು ಎಲ್ಲ ನೆಲದ ಮೇಲೆಯೇ. ಕೂತವರ ಕಣ್ಣಿನ ಮಟ್ಟಕ್ಕೆ ಬೀದಿ ಇರಬೇಕೆಂದು ಯಾರೋ ಯೋಚಿಸಿ ಅಳತೆ ಮಾಡಿದ್ದರು. ಕುರ್ಚಿ, ಮಂಚ, ಸೋಫಾ ಬಂದ ಮೇಲೆ ಹೊಸ ಮನೆಗಳಲ್ಲಿ ಕಿಟಕಿ ಮೂರಡಿಗೆ ಏರಿತು. ಈಗ ನೆಲದ ಮೇಲೆ ಕೂತವರಿಗೆ ಗೋಡೆ ಮಾತ್ರ ಕಾಣುತ್ತದೆ.

ನಮ್ಮ ಅಜ್ಜಿಯ ಬದುಕಿನ ಅರ್ಧ ಬೀದಿ ಕಿಟಕಿಯ ಪಕ್ಕದಲ್ಲೇ ಕಳೆಯಿತು. ಮೊರ ಮಡಿಲಲ್ಲಿ, ಬೆನ್ನು ಗೋಡೆಗೆ. ಸೊಪ್ಪಿನವಳು ಕಟ್ಟನ್ನು ಸರಳಿನ ಸಂದಿಯಿಂದಲೇ ಒಳಗೆ ಕೊಡುತ್ತಿದ್ದಳು, ಚಿಲ್ಲರೆ ಅದೇ ಸಂದಿಯಿಂದ ಹೊರಗೆ ಹೋಗುತ್ತಿತ್ತು. "ಏನಕ್ಕ, ಮಗಳಿಗೆ ಹೆರಿಗೆ ಆಯ್ತಾ?" ಅಂತ ಅಜ್ಜಿ ಕೇಳಿದರೆ ಹೋಗುತ್ತಿದ್ದವರು ನಿಂತು, ಕಂಕುಳಿನ ಬಿಂದಿಗೆ ಇಳಿಸಿ, ಪೂರ್ತಿ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದರು. ಒಳಗಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ಹೊರಗಿನಿಂದ ತೆಲುಗಿನಲ್ಲಿ ಉತ್ತರ. ನಮ್ಮ ಗಡಿಸೀಮೆಯಲ್ಲಿ ಅದನ್ನು ಯಾರೂ ವಿಶೇಷವೆಂದು ಎಣಿಸುತ್ತಿರಲಿಲ್ಲ. ಕರಗದ ರಾತ್ರಿ ಹೆಂಗಸರೆಲ್ಲ ಅದೇ ಕಿಟಕಿಗೆ ಸೇರುತ್ತಿದ್ದರು. ಮೈಗೆ ಸರಿಯಿಲ್ಲದ ವರ್ಷವೂ ಅಜ್ಜಿ ಕರಗ ನೋಡದೆ ಇದ್ದದ್ದಿಲ್ಲ.

ಕಿಟಕಿಗೆ ಕೆಲಸವೂ ಇತ್ತು. ಮನೆಯಲ್ಲೇ ರೇಷ್ಮೆ ಹುಳು ಮೇಯಿಸುತ್ತಿದ್ದ ಕಾಲ ಅದು. ನಡುಮನೆಯಲ್ಲಿ ಹುಳುವಿನ ತಟ್ಟೆಗಳ ಅಟ್ಟಣೆ, ನಾವು ಹಜಾರದಲ್ಲಿ. ಹುಳುವಿಗೆ 24ರಿಂದ 28 ಡಿಗ್ರಿಯೊಳಗಿನ ಹದ ಬೇಕು. ಬಿಸಿಲು ಏರಿದರೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಬೇಕು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿದ ಮೇಲೆ ಸೊಪ್ಪಿನ ಶಾಖಕ್ಕೆ ಉಸಿರು ಕಟ್ಟದಂತೆ ಗಾಳಿ ಆಡಬೇಕು, ಆದರೆ ಬಿರುಗಾಳಿ ನೇರ ಬಡಿಯಬಾರದು. ತಾತ ಥರ್ಮಾಮೀಟರು ನೋಡುತ್ತಿರಲಿಲ್ಲ. ಮೇಲಿನ ಕದವನ್ನು ಬೆರಳಷ್ಟು ಸರಿಸಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಅಷ್ಟೇ ಮುಚ್ಚುತ್ತಿದ್ದರು. 1980ರಲ್ಲಿ ಬಂಗಾಳದಿಂದ ಬಂದ ಗೂಡಿನ ಜೊತೆಯಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದುಹಾಕುವ ನೊಣ. ಆಗ ಎಲ್ಲರ ಮನೆಯ ಕಿಟಕಿಗೂ ನೈಲಾನ್ ಬಲೆ ಬಿತ್ತು. ಮುಂದೆ ಹುಳು ಸಾಕಣೆಗೆ ತೋಟದಲ್ಲೇ ಬೇರೆ ಮನೆ ಕಟ್ಟಿದರು. ಬದುಕಿನ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು. ಆದರೆ ನಡುಮನೆಯ ಕಿಟಕಿ ತನ್ನ ಕೆಲಸ ಕಳೆದುಕೊಂಡಿತು.

ಉಳಿದದ್ದು ಮಾವಿನ ಕೋಣೆ. ಶ್ರೀನಿವಾಸಪುರವೆಂದರೆ ಮಾವು. ಮಾರಾಟಕ್ಕೆ ಹೋಗದೆ ಮನೆಗೆ ಉಳಿದ ಬಾದಾಮಿ, ರಸಪುರಿಯನ್ನು ಹುಲ್ಲಿನ ಮೇಲೆ ಹರಡಿ, ಮೇಲೆ ಮತ್ತೆ ಹುಲ್ಲು ಹೊದಿಸಿ ಹಣ್ಣಿಗೆ ಹಾಕುತ್ತಿದ್ದರು. ಆ ಕೋಣೆಯ ಕದಗಳೆಲ್ಲ ಭದ್ರ. ಮಕ್ಕಳಾದ ನಾವು ಹೊರಗಿನಿಂದ ಕದಗಳ ಸಂದಿಗೆ ಮೂಗಿಟ್ಟು, ಹಣ್ಣಾಯಿತೋ ಇಲ್ಲವೋ ಹೇಳುತ್ತಿದ್ದೆವು.

ಈಗ ಆ ಕಿಟಕಿಗಳ ಸ್ಥಿತಿಯನ್ನೂ ಹೇಳಬೇಕು. ಪಡುವಣ ಗೋಡೆಯ ಎರಡಕ್ಕೆ ಗೆದ್ದಲು ಹತ್ತಿ ಚೌಕಟ್ಟು ಬೆರಳಿಟ್ಟರೆ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಉಬ್ಬಿದ ಕದ ಕೂರುವುದಿಲ್ಲ, ಬೇಸಿಗೆಯಲ್ಲಿ ಸಂದಿ ಬಿಟ್ಟು ಧೂಳು ಬರುತ್ತದೆ. ಅಮ್ಮನ ಕೈಗೆ ಚಿಲಕ ಎಳೆಯುವ ಶಕ್ತಿ ಇಲ್ಲ. ಸೊಳ್ಳೆ ಕಾಟ ಬೇರೆ. ತಮ್ಮನ ಹೆಂಡತಿ ಒಂದೇ ಮಾತು ಹೇಳಿದಳು: "ಭಾವ, ನಿಮಗೆ ನೆನಪು. ದಿನಾ ಧೂಳು ಒರೆಸೋದು ನಾನು." ಅವಳ ಮಾತಿನಲ್ಲಿ ತಪ್ಪಿಲ್ಲ. ಹಳೆಯದನ್ನು ಉಳಿಸುವ ಮಾತಾಡುವವರು ಆ ಹಳೆಯದನ್ನು ದಿನವೂ ತೊಳೆದು ಒರೆಸುವವರ ಕಡೆಗೆ ಮೊದಲು ನೋಡಬೇಕು.

ತಮ್ಮನ ಯೋಚನೆ ಎಲ್ಲವನ್ನೂ ಒಟ್ಟಿಗೆ ತೆಗೆಸಿ ಜಾರುವ ಗಾಜಿನ ಕಿಟಕಿ ಹಾಕಿಸುವುದು. ಜಾರುವ ಕಿಟಕಿ ಚೆಂದವೇ, ಆದರೆ ಎಷ್ಟು ಸರಿಸಿದರೂ ಅರ್ಧ ಗಾಜು ಅಡ್ಡ ಇದ್ದೇ ಇರುತ್ತದೆ. ಪೂರ್ತಿ ಕಿಟಕಿ ತೆರೆಯುವುದು ಅದರಲ್ಲಿಲ್ಲ. ಅದರ ಚೌಕಟ್ಟಿಗೆ ಅಲ್ಯೂಮಿನಿಯಂ ಹಾಕಿಸೋಣವೆಂದರೆ, ಅದು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುವ ಲೋಹ. ಪಡುವಣ ಬಿಸಿಲಿಗೆ ಅದು ಹೇಳಿಸಿದ್ದಲ್ಲ. ಯುಪಿವಿಸಿ ಆ ವಿಷಯದಲ್ಲಿ ಮೇಲು. ಗೆದ್ದಲು ಹತ್ತುವುದಿಲ್ಲ, ಬಣ್ಣ ಬಳಿಯಬೇಕಿಲ್ಲ, ನೀರಿಗೆ ಉಬ್ಬುವುದಿಲ್ಲ. ಆದರೆ ಅದರ ನಾಲ್ಕು ಮೂಲೆಗಳನ್ನು ಕಾಯಿಸಿ ಕರಗಿಸಿ ಬೆಸೆದಿರುತ್ತಾರೆ. ಒಂದು ಕಡೆ ಬಿರುಕು ಬಿಟ್ಟರೆ ಆ ಚೌಕಟ್ಟನ್ನೇ ಬದಲಿಸಬೇಕು.

ಹಳೆಯ ಮರದ ಕಿಟಕಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಮರಗೆಲಸದ ಆಚಾರಿ ಬಂದ ದಿನ. ವಯಸ್ಸಾದವರು. ಒಂದೊಂದು ಕಿಟಕಿಯ ಚೌಕಟ್ಟನ್ನೂ ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಬೀದಿ ಕಿಟಕಿಯ ಒಂದು ಕದವನ್ನು ಕಳಚಿ ಜಗುಲಿಯ ಮೇಲೆ ಮಲಗಿಸಿದರು. ಮೂಲೆಯಲ್ಲಿ ಕಡಲೆಕಾಳಿನಷ್ಟು ಅಗಲದ ಒಂದು ಗುಂಡು ಗುರುತು. ಅಷ್ಟು ವರ್ಷ ಆ ಕದವನ್ನು ತೆರೆದು ಮುಚ್ಚಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ. ಅದು ಬಿದಿರಿನ ಮೊಳೆ. ಹಿಂದಿನಿಂದ ಎರಡೇಟು ಹಾಕಿದರು, ಮೊಳೆ ಈಚೆಗೆ ಬಂತು. ನಾಲ್ಕೂ ಮೂಲೆಯ ಮೊಳೆ ತೆಗೆದ ಮೇಲೆ ಕದ ತಾನಾಗಿ ಬಿಚ್ಚಿಕೊಂಡಿತು: ಎರಡು ಉದ್ದದ ಪಟ್ಟಿ, ಎರಡು ಅಡ್ಡ ಪಟ್ಟಿ, ನಡುವಿನ ಹಲಗೆ. ಎಲ್ಲೂ ಕಬ್ಬಿಣದ ಮೊಳೆ ಇಲ್ಲ, ಅಂಟಿಲ್ಲ. ಕೊಳೆತದ್ದು ಕೆಳಗಿನ ಅಡ್ಡ ಪಟ್ಟಿ ಒಂದೇ.

"ಇದೊಂದು ಪಟ್ಟಿ ಹೊಸದು ಮಾಡಿ ಕೂಡಿಸಿದ್ರೆ ಮುಗೀತಣ್ಣ. ಉಳಿದಿದ್ದು ಗಟ್ಟಿಯಾಗಿದೆ. ಬಿಚ್ಚೋಕೆ ಬರಲಿ ಅಂತಲೇ ಹಿಂಗೆ ಮಾಡಿರೋದು" ಅಂದರು.

ತೆಗೆದುಹಾಕುವ ಮಾತು ಬಂದಾಗಿನಿಂದ ಮನಸ್ಸಿನಲ್ಲಿ ಕುಟುಕುತ್ತಿದ್ದದ್ದಕ್ಕೆ ಅಂದು ಹೆಸರು ಸಿಕ್ಕಿತು. ಮುಂದೊಂದು ದಿನ ಇದು ಕೆಡುತ್ತದೆ, ಆಗ ಯಾರಾದರೂ ಬಂದು ಸರಿಮಾಡುತ್ತಾರೆ ಎಂಬ ನಂಬಿಕೆಯಿಂದ ಮಾಡಿದ ವಸ್ತು ಅದು. ಮಾಡಿದವನು ತನ್ನ ನಂತರದ ಆಚಾರಿಗೆ ದಾರಿ ಬಿಟ್ಟು ಹೋಗಿದ್ದ. ನಾವು ಕಳೆದುಕೊಳ್ಳುತ್ತಿರುವುದು ಮರವನ್ನಷ್ಟೇ ಅಲ್ಲ, ಆ ನಂಬಿಕೆಯನ್ನು.

ಆ ಪಟ್ಟಿಗೆ ಮರ ಹೊಂದಿಸುವುದೇ ಈಗ ಕಷ್ಟ. ಹೊಲದ ಬದುವಿನಲ್ಲಿದ್ದ ಬೇವು, ಹೊನ್ನೆ, ಹಲಸು ಹೋಗಿ ದಶಕಗಳ ಕಾಲ ನಮ್ಮ ಜಿಲ್ಲೆಯಲ್ಲಿ ನೀಲಗಿರಿಯೇ ಬೆಳೆಯಿತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಬದುವಿನ ಹೊನ್ನೆ ಮರಳಿ ಬಂದಿಲ್ಲ. ಮರದ ಮಂಡಿಗೆ ಹೋದರೆ ಘಾನಾ ತೇಗ, ಮಲೇಷ್ಯಾ ಸಾಲ್ ತೋರಿಸುತ್ತಾರೆ. ನಮ್ಮ ಕಿಟಕಿಗೆ ನಮ್ಮ ಸೀಮೆಯ ಮರ ಬೇಕೆಂದರೆ, ಯಾರದೋ ಹಳೇ ಮನೆ ಕೆಡವಿದ ಕಡೆ ಹೋಗಿ ತೊಲೆ ಕೇಳಬೇಕು. ಅಂಥ ಮನೆಗಳಿಗೆ ಬರವಿಲ್ಲ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಬಾಡಿಗೆ ಕೋಣೆಗೆ ಬೇಡಿಕೆ ಬಂತು. ಹೆಂಚಿನ ಮನೆ ಇಳಿಸಿ ಮೂರು ಅಂತಸ್ತು ಏರಿಸಿದರೆ ಮಕ್ಕಳ ಓದಿಗೆ ದಾರಿಯಾಗುತ್ತದೆ. ಹಾಗೆ ಮಾಡಿದವರನ್ನು ಹೇಗೆ ಆಡಿಕೊಳ್ಳುವುದು? ಕೆಡವಿದ ಮನೆಯ ಕಿಟಕಿ ಬೆಂಗಳೂರಿನ ಹಳೇ ಮರದ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಯಾವುದೋ ಹೋಟೆಲಿನ ಗೋಡೆಗೆ ಅಲಂಕಾರವಾಗುತ್ತದೆ. ಅದರ ಹಿಂದೆ ಬೀದಿ ಇಲ್ಲ, ಇಟ್ಟಿಗೆ ಗೋಡೆ ಇದೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರ ಹಸ್ತಶಿಲ್ಪ ಗ್ರಾಮಕ್ಕೆ ನಾಡು ಋಣಿಯಾಗಿರಬೇಕು. ನಮ್ಮ ಜಿಲ್ಲೆಯಲ್ಲೇ ಮಾಲೂರು ತಾಲ್ಲೂಕಿನ ಮಾಸ್ತಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆ ಗ್ರಂಥಾಲಯವಾಗಿ ಉಳಿದಿದೆ. ಜ್ಞಾನಪೀಠ ಬಂದವರ ಮನೆಯಾದ್ದರಿಂದ ಉಳಿಯಿತು. ಆದರೆ ಕೆತ್ತನೆಯಿಲ್ಲದ, ಹೆಸರಿಲ್ಲದ ರೈತರ ಮನೆಯ ಕಿಟಕಿಯನ್ನು ಯಾವ ವಸ್ತುಸಂಗ್ರಹಾಲಯ ತಾನೇ ಕೇಳೀತು? ಅದು ಉಳಿಯುವುದಾದರೆ ಯಾರದಾದರೂ ಮನೆಯಲ್ಲಿ, ದಿನವೂ ತೆರೆದು ಮುಚ್ಚುವವರ ಕೈಯಲ್ಲಿ ಮಾತ್ರ.

ಕೊನೆಗೆ ಮನೆಯಲ್ಲಿ ಕೂತು ಒಂದೊಂದನ್ನೇ ತೀರ್ಮಾನಿಸಿದೆವು. ಪಡುವಣದ ಎರಡು ಹೋಗುತ್ತವೆ. ಅವುಗಳ ಜಾಗಕ್ಕೆ ಯುಪಿವಿಸಿ, ಆದರೆ ಜಾರುವುದಲ್ಲ, ಪೂರ್ತಿ ತೆರೆಯುವ ಕದದ್ದು. ಅಡುಗೆಮನೆಗೂ ಅದೇ, ಅಲ್ಲಿ ಅಮ್ಮನ ಕೈ ಮುಖ್ಯ. ಬೀದಿ ಕಡೆಯವು, ನಡುಮನೆಯದು, ಮಾವಿನ ಕೋಣೆಯದು ಇರುತ್ತವೆ. ಕದ ಒಳಕ್ಕೆ ತೆರೆಯುವುದರಿಂದ ಸರಳಿನ ಹೊರಗಡೆ ಸೊಳ್ಳೆ ಜಾಲರಿ ಕೂರಿಸಲು ಅಡ್ಡಿಯಿಲ್ಲ. ಹೋಗುವ ಕಿಟಕಿಗಳಲ್ಲಿ ಗಟ್ಟಿಯಿರುವ ಹಲಗೆಗಳಿಂದಲೇ ಉಳಿದವುಗಳ ಪಟ್ಟಿ ಆಗುತ್ತದೆ. ಧೂಳು ಒರೆಸುವ ಕೆಲಸ ಇನ್ನು ಒಬ್ಬಳದೇ ಅಲ್ಲ ಎಂದೂ ಮಾತಾಯಿತು.

ಇಷ್ಟಾದರೂ ಮನಸ್ಸಿಗೆ ನೋವಿದೆ. ಕಿಟಕಿ ಉಳಿದರೂ ಅದರಾಚೆ ನಿಂತು ಬಿಂದಿಗೆ ಇಳಿಸುವವರು ಇಲ್ಲ. ಬೀದಿಯ ಉದ್ದಕ್ಕೂ ಕಾರು, ಬೈಕು ನಿಂತಿವೆ. ಸುದ್ದಿ ಫೋನಿನಲ್ಲಿ ಬರುತ್ತದೆ. ಅದನ್ನು ಯಾವ ಆಚಾರಿಯೂ ಕೂಡಿಸಿಕೊಡಲಾರ. ಅದಕ್ಕಾಗಿ ನಾನು ಅಳುತ್ತೇನೆ, ಅಳುವುದರಲ್ಲಿ ನಾಚಿಕೆಯಿಲ್ಲ.

ಆದರೆ ಕೈಯಲ್ಲಿರುವುದನ್ನಾದರೂ ಕೈಬಿಡಬಾರದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾರದಾದರೂ ಮನೆಯಲ್ಲಿ ಇಂಥ ಕಿಟಕಿ ತೆಗೆಸುವ ಮಾತು ನಡೆದಿದ್ದರೆ ನನ್ನದೊಂದು ಕೋರಿಕೆ. ಗಾಜಿನವರು ಬಂದು ಅಳತೆ ತೆಗೆದುಕೊಳ್ಳುವ ಮೊದಲು ಊರಿನ ಆಚಾರಿಯನ್ನು ಕರೆಸಿ. ಒಂದೊಂದನ್ನೂ ತಟ್ಟಿ ನೋಡಲಿ. ಕೊಳೆತದ್ದು ಹೋಗಲಿ, ಗಟ್ಟಿಯಿರುವುದು ಇರಲಿ. ಎಲ್ಲವನ್ನೂ ಒಟ್ಟಿಗೆ ಮಾತ್ರ ತೆಗೆಸಬೇಡಿ.