ಬಿತ್ತನೆ ಮತ್ತು ನಿದಾನಶಲ್ಯ

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬುದು ನಮ್ಮ ಆಚಾರ್ಯರ ಉಪದೇಶ. ಮಾಯೆ, ಮಿಥ್ಯಾತ್ವ ಮತ್ತು ನಿದಾನ ಎಂಬ ಮೂರು ಶಲ್ಯಗಳಲ್ಲಿ ಕೊನೆಯದು ಅತ್ಯಂತ ಸೂಕ್ಷ್ಮವಾದುದು. ಆಚರಿಸಿದ ವ್ರತಕ್ಕೆ, ಕೊಟ್ಟ ದಾನಕ್ಕೆ ಪ್ರತಿಯಾಗಿ ಮುಂದೆ ಇಂತಹುದೇ ಭೋಗ ದೊರೆಯಲೆಂದು ಮನಸ್ಸಿನಲ್ಲೇ ಬೆಲೆ ಕಟ್ಟಿಕೊಳ್ಳುವುದು ನಿದಾನ. ಸ್ವಾಧ್ಯಾಯದಲ್ಲಿ ಅನೇಕ ಬಾರಿ ಕೇಳಿದ್ದ ಈ ಮಾತು ನನಗೆ ಸ್ಪಷ್ಟವಾದದ್ದು ಕನಕಗಿರಿಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಒಂದು ಮಾವಿನ ಗೊರಟೆಯ ನಿಮಿತ್ತದಿಂದ.

2023ರ ಮೇ ತಿಂಗಳಿನಲ್ಲಿ ಕೊಪ್ಪಳದ ಮಾವು ಮೇಳದಲ್ಲಿ ಜಪಾನಿನ ಮಿಯಾಜಾಕಿ ತಳಿಯ ಹಣ್ಣನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಕಿಲೋ ಒಂದಕ್ಕೆ ಎರಡೂವರೆ ಲಕ್ಷ ರೂಪಾಯಿ ಎಂಬ ಬೆಲೆಯೇ ಹಣ್ಣಿಗಿಂತ ಹೆಚ್ಚು ಜನರನ್ನು ಸೆಳೆಯಿತು. ಅದಕ್ಕೂ ಮೊದಲು, 2021ರಲ್ಲಿ, ಮಧ್ಯಪ್ರದೇಶದ ಜಬಲ್ಪುರದಲ್ಲಿ ಇದೇ ತಳಿಯ ಎರಡು ಮರಗಳ ರಕ್ಷಣೆಗೆ ನಾಲ್ವರು ಕಾವಲುಗಾರರನ್ನೂ ಆರು ನಾಯಿಗಳನ್ನೂ ಇರಿಸಿದ ಸುದ್ದಿ ದೇಶದಾದ್ಯಂತ ಹರಡಿತ್ತು. ಪರಿಗ್ರಹವು ಒಡೆಯನನ್ನೇ ಸೆರೆಯಾಳಾಗಿಸುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

2024ರ ಜೂನ್ ತಿಂಗಳಿನಲ್ಲಿ ಬಂಧುಗಳೊಬ್ಬರು ತಮ್ಮ ಪರಿಚಯದ ತೋಟದಿಂದ ಆ ತಳಿಯ ಒಂದು ಹಣ್ಣನ್ನು ತಂದುಕೊಟ್ಟರು. ಮನೆಯ ಏಳು ಮಂದಿ ಒಂದೊಂದು ಹೋಳು ತಿಂದೆವು. ಉಳಿದ ಗೊರಟೆಯನ್ನು ಮೊಮ್ಮಗ ಎತ್ತಿಟ್ಟುಕೊಂಡು, “ಅಜ್ಜಾ, ಇದನ್ನ ಹಚ್ಚಿದ್ರ ನಾವು ಲಕ್ಷಾಧೀಶರು ಆಗ್ತೀವಲ್ಲ?” ಎಂದು ಕೇಳಿದನು.

ಮಾವಿನ ಬೀಜ ಜೋಳದಂತೆ ಕಣಜದಲ್ಲಿ ಕಾಯ್ದಿಡುವಂತಹುದಲ್ಲ. ಒಣಗಿದರೆ ಅದರ ಜೀವಶಕ್ತಿ ನಶಿಸುತ್ತದೆ. ಆದ್ದರಿಂದ ಮರುದಿನವೇ ಗೊರಟೆಯ ಗಟ್ಟಿ ಹೊದಿಕೆಯನ್ನು ಅಂಚಿನಲ್ಲಿ ಬಿಡಿಸಿ, ಒಳಗಿನ ಬೀಜವನ್ನು ಘಾಸಿಯಾಗದಂತೆ ತೆಗೆದು, ಬಾಗಿದ ಬೆನ್ನು ಮೇಲಾಗುವಂತೆ ಮಸಾರಿ ಮಣ್ಣಿನಲ್ಲಿ ಒಂದಂಗುಲ ಆಳಕ್ಕೆ ಇಟ್ಟೆವು. ನಮ್ಮದು ಮಳೆ ಕಡಿಮೆಯ ಸೀಮೆ. ತರಕಾರಿ ತೊಳೆದ ನೀರನ್ನು ಸೊಸೆ ಕುಂಡಕ್ಕೆ ಹಾಕುತ್ತಿದ್ದಳು. ಮೂರನೆಯ ವಾರದಲ್ಲಿ ತಾಮ್ರವರ್ಣದ ಎಲೆಗಳು ಕಾಣಿಸಿಕೊಂಡವು.

ಆ ಹೊತ್ತಿಗೆ ನಾನು ಮೊಮ್ಮಗನಿಗೆ ಸತ್ಯವನ್ನು ತಿಳಿಸಬೇಕಾಯಿತು. ಒಲೂರು, ಬಪ್ಪಕಾಯಿಯಂತಹ ಕರಾವಳಿಯ ಕೆಲವು ತಳಿಗಳಲ್ಲಿ ಒಂದೇ ಗೊರಟೆಯಿಂದ ಹಲವು ಸಸಿಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪ್ರತಿರೂಪಗಳೇ. ಮಿಯಾಜಾಕಿಯ ಗೊರಟೆಯಲ್ಲಿ ಇರುವುದು ಒಂದೇ ಭ್ರೂಣ. ಯಾವುದೋ ಹೂವಿನ ಪರಾಗ ಸೇರಿ ಉಂಟಾದ ಆ ಸಸಿ ತಾಯಿಯಂತೆ ಇರಬೇಕೆಂಬ ನಿಯಮವಿಲ್ಲ. ಅದೇ ಹಣ್ಣು ಬೇಕಾದರೆ ಕಸಿ ಕಟ್ಟಬೇಕು. ಬೀಜದಿಂದ ಬೆಳೆದ ಮರ ಫಲ ಕೊಡಲು ಆರೇಳು ವರ್ಷಗಳಾದರೂ ಬೇಕು; ಆ ಹಣ್ಣು ಸಿಹಿಯೋ ಹುಳಿಯೋ ಯಾರೂ ಮುಂದಾಗಿ ಹೇಳಲಾರರು.

“ಹಂಗಾದ್ರ ಯಾಕ ಹಚ್ಚಬೇಕು?” ಎಂದನು ಹುಡುಗ. ನಿದಾನಶಲ್ಯದ ಸ್ವರೂಪವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿತ್ತು.

ನಾನು ಅವನಿಗೆ ಆ ಹಣ್ಣಿನ ಮೂಲವನ್ನೇ ಹೇಳಿದೆನು. ಮಿಯಾಜಾಕಿ ಎಂಬುದು ಅದು ಬೆಳೆಯುವ ಪ್ರಾಂತದ ಹೆಸರು. ತಳಿಯ ಹೆಸರು ಅರ್ವಿನ್. 1939ರಲ್ಲಿ ಅಮೆರಿಕದ ಮಿಯಾಮಿಯಲ್ಲಿ ಒಬ್ಬರು ಲಿಪ್ಪೆನ್ಸ್ ಎಂಬ ಮಾವಿನ ಬೀಜವನ್ನು ಬಿತ್ತಿದರು. ಅದು ಮೊದಲ ಹಣ್ಣು ಕೊಟ್ಟದ್ದು 1945ರಲ್ಲಿ. ಜಪಾನಿನ ಆ ಪ್ರಾಂತದ ರೈತರು ಅದನ್ನು ಬೆಳೆಯತೊಡಗಿದ್ದು 1980ರ ದಶಕದಲ್ಲಿ. ಬಿತ್ತಿದವರಿಗೆ ಈ ಲಕ್ಷಗಳ ಸುಳಿವೂ ಇದ್ದಿರಲಾರದು. ಬೆಲೆ ಗೊತ್ತಿಲ್ಲದ ಬೀಜವನ್ನು ಒಬ್ಬರು ಸಾಕಿದ್ದರಿಂದಲೇ ಬೆಲೆಯುಳ್ಳ ಹಣ್ಣು ಲೋಕಕ್ಕೆ ಬಂದಿತು.

ಆ ಜಪಾನಿ ರೈತರ ಇನ್ನೊಂದು ಪದ್ಧತಿ ನಮಗೆ ಹೆಚ್ಚು ಪ್ರಸ್ತುತವಾದುದು. ಅವರು ಹಣ್ಣನ್ನು ಕೀಳುವುದಿಲ್ಲ. ಪ್ರತಿಯೊಂದು ಕಾಯಿಗೂ ಬಲೆ ಕಟ್ಟಿ, ಅದು ಪೂರ್ಣವಾಗಿ ಮಾಗಿ ತಾನಾಗಿ ತೊಟ್ಟು ಕಳಚಿ ಬೀಳುವವರೆಗೆ ಕಾಯುತ್ತಾರೆ. ಷಟ್‌ಲೇಶ್ಯೆಗಳ ನೇರಳೆ ಮರದ ದೃಷ್ಟಾಂತ ನಮ್ಮ ಬಸದಿಗಳ ಗೋಡೆಗಳಲ್ಲೂ ಪಾಠಶಾಲೆಗಳಲ್ಲೂ ಪರಿಚಿತವಾದುದೇ. ಕೃಷ್ಣಲೇಶ್ಯೆಯವನು ಮರವನ್ನೇ ಉರುಳಿಸಬಯಸುತ್ತಾನೆ. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನಷ್ಟೇ ಆರಿಸಿಕೊಳ್ಳುತ್ತಾನೆ. ವ್ಯಾಪಾರಕ್ಕಾಗಿ ಬೆಳೆದ ಹಣ್ಣೂ ಕಾಯುವಿಕೆಯಿಂದಲೇ ಉತ್ತಮವಾಗುವುದಾದರೆ, ನಿಷೇಧಿತ ಕಾರ್ಬೈಡ್ ಬಳಸಿ ಕಾಯಿಗೆ ಬಣ್ಣ ಬರಿಸುವ ಆತುರವನ್ನು ಏನೆಂದು ಕರೆಯೋಣ?

ಕಳೆದ ಬೇಸಿಗೆಯಲ್ಲಿ ಸಸಿಯ ಬುಡಕ್ಕೆ ಗೆದ್ದಲು ಬಂದಿತು. ಔಷಧಿ ಸುರಿದರೆ ಒಂದೇ ದಿನದ ಕೆಲಸವೆಂದು ನೆರೆಯವರು ಹೇಳಿದರು. ಏಕೇಂದ್ರಿಯ ಜೀವವೊಂದನ್ನು ಉಳಿಸಲು ತ್ರೀಂದ್ರಿಯ ಜೀವಗಳ ರಾಶಿಯನ್ನು ಸಂಹರಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಒಣಗಿದ ಎಲೆಗಳನ್ನು ಬುಡದಿಂದ ದೂರ ಸರಿಸಿ, ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ, ತೇವ ಆರದಂತೆ ನೋಡಿಕೊಂಡೆವು. ಗೆದ್ದಲು ಕ್ರಮೇಣ ಬೇರೆಡೆಗೆ ಹೋಯಿತು, ಸಸಿಯೂ ಉಳಿಯಿತು. ಅದು ಉಳಿಯದೆ ಹೋಗಿದ್ದರೂ ಆ ನಿರ್ಧಾರ ಬದಲಾಗುತ್ತಿರಲಿಲ್ಲ.

ಈಗ ಸಸಿ ಸೊಂಟದೆತ್ತರಕ್ಕೆ ಬೆಳೆದಿದೆ. ನನಗೆ ಎಪ್ಪತ್ತು ದಾಟಿದೆ. ಅದರ ಹಣ್ಣನ್ನು ನಾನು ಕಾಣುವೆನೆಂಬ ಭರವಸೆಯಿಲ್ಲ. ಬರುವ ಮಳೆಗಾಲದಲ್ಲಿ ಅದನ್ನು ಮಂದಿರದ ಆವರಣದಲ್ಲಿ, ಗೋಡೆಯ ಹೊರಗಿನಿಂದಲೂ ಕೈಗೆ ನೆರಳು ಸಿಗುವಂತಹ ಜಾಗದಲ್ಲಿ ನೆಡಲು ಮನೆಯವರೆಲ್ಲ ಒಪ್ಪಿದ್ದೇವೆ. ಹಣ್ಣು ಬಿಟ್ಟರೆ ಬಿದ್ದದ್ದು ಆರಿಸಿಕೊಂಡವರದು. ಬಿಡದಿದ್ದರೆ ನೆರಳಂತೂ ಇದ್ದೇ ಇರುತ್ತದೆ. ಟ್ರಸ್ಟಿನ ಮಹನೀಯರು ಒಂದೊಂದು ಆವರಣದಲ್ಲಿಯೂ ಬೀಜದಿಂದ ಬೆಳೆಸಿದ ಒಂದು ಮರಕ್ಕೆ ಸ್ಥಳ ಕೊಡುವರೇ ಎಂಬುದು ನನ್ನ ವಿನಂತಿ.

ಕುಂಡಕ್ಕೆ ನೀರು ಹಾಕುವ ಕೆಲಸ ಈಗ ಮೊಮ್ಮಗನದು. ಹಣ್ಣಿಗೆ ಎಷ್ಟು ಬೆಲೆ ಬಂದೀತೆಂದು ಅವನು ಈಚೆಗೆ ಕೇಳುತ್ತಿಲ್ಲ. ಹೊಸ ಎಲೆಗಳೆಷ್ಟು ಬಂದವೆಂದು ಎಣಿಸಿ ಹೇಳುತ್ತಾನೆ.